ಅರ್ಥಶಾಸ್ತ್ರಕ್ಕೊಬ್ಬ ಮನೆಪಾಠದ ಮೇಷ್ಟರು



ದ್ವಿತೀಯ ಪಿ.ಯು.ಸಿ. ತರಗತಿಯ ಮಧ್ಯವಾರ್ಷಿಕ ಪರೀಕ್ಷೆ ಮುಗಿದು ಅಂಕಗಳು ಮನೆ ಸೇರುವ ಹೊತ್ತಿಗೆ, ಕಲಾ ವಿಭಾಗದಲ್ಲಿಯೋ ವಾಣಿಜ್ಯ ವಿಭಾಗದಲ್ಲಿಯೋ ಓದುತ್ತಿರುವ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ಒಂದು ಪ್ರಶ್ನೆಯನ್ನು ಕೇಳತೊಡಗುತ್ತಾರೆ: ಅರ್ಥಶಾಸ್ತ್ರಕ್ಕೆ ಒಳ್ಳೆಯ ಟ್ಯೂಷನ್ ಮೇಷ್ಟರು ಎಲ್ಲಿ ಸಿಕ್ಕಾರು? ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಗಾದರೆ ಬೀದಿಬೀದಿಯಲ್ಲಿ ಫಲಕಗಳು ಕಾಣುತ್ತವೆ. ವಾಣಿಜ್ಯ ವಿಭಾಗದವರಿಗೆ ಲೆಕ್ಕಶಾಸ್ತ್ರವನ್ನು ಹೇಳಿಕೊಡುವವರೂ ಪಟ್ಟಣಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆದರೆ ಅರ್ಥಶಾಸ್ತ್ರವೊಂದನ್ನೇ ಕೈಹಿಡಿದು ಕಲಿಸುವವರನ್ನು ಅರಸಿ ಹೊರಟವರು ಜಿಲ್ಲಾ ಕೇಂದ್ರದಲ್ಲಿಯೂ ಹಲವು ಮನೆಗಳ ಬಾಗಿಲನ್ನು ತಟ್ಟಬೇಕಾಗುತ್ತದೆ. ತಾಲ್ಲೂಕು ಕೇಂದ್ರಗಳ ಮಾತಂತೂ ಹೇಳತೀರದು.

ಈ ಕೊರತೆಯ ಮೂಲವು ಆ ಶಾಸ್ತ್ರದ ವಿಷಯದಲ್ಲಿ ನಾವು ಬಹುಕಾಲದಿಂದ ತಳೆದುಕೊಂಡು ಬಂದಿರುವ ಒಂದು ತಪ್ಪು ಭಾವನೆಯಲ್ಲಿದೆ. ಅರ್ಥಶಾಸ್ತ್ರವೆಂದರೆ ಓದಿ ಬಾಯಿಪಾಠ ಮಾಡುವ ವಿಷಯ, ಪರೀಕ್ಷೆಗೆ ಹದಿನೈದು ದಿನ ಮುಂಚೆ ಗೈಡು ಹಿಡಿದು ಕುಳಿತರೆ ದಡ ಸೇರಬಹುದು ಎಂಬುದೇ ಆ ಭಾವನೆ. ಹೀಗೆಂದು ನಂಬಿದ ವಿದ್ಯಾರ್ಥಿಯು ವರ್ಷದ ಮೊದಲ ಅರ್ಧವನ್ನು ನಿಶ್ಚಿಂತೆಯಿಂದ ಕಳೆದು, ಸೀಮಾಂತ ತುಷ್ಟಿಗುಣ, ಔದಾಸೀನ್ಯ ವಕ್ರರೇಖೆ, ಬೇಡಿಕೆಯ ಸ್ಥಿತಿಸ್ಥಾಪಕತ್ವ ಮುಂತಾದ ಪ್ರಕರಣಗಳನ್ನು ಬರಿಯ ವ್ಯಾಖ್ಯೆಗಳೆಂದು ಉರುಹೊಡೆದು, ಪ್ರಶ್ನೆಯು ಪುಸ್ತಕದ ವಾಕ್ಯವನ್ನು ಬಿಟ್ಟು ಒಂದು ಹೆಜ್ಜೆ ಆಚೆ ಸರಿದ ಕೂಡಲೇ ನಿಂತುಬಿಡುತ್ತಾನೆ. ಆಗ ಗಾಬರಿಯಾಗುತ್ತದೆ; ಗಾಬರಿಯಲ್ಲಿ ಮೇಷ್ಟರ ಹುಡುಕಾಟ ಪ್ರಾರಂಭವಾಗುತ್ತದೆ; ಗಾಬರಿಯಿಂದ ಹುಡುಕಿದವರಿಗೆ ದೊರೆಯುವುದು ಸಾಮಾನ್ಯವಾಗಿ ಪಾಠವಲ್ಲ, ನೋಟ್ಸು.

ಎರಡನೆಯ ವರ್ಷದ ಅರ್ಥಶಾಸ್ತ್ರದಲ್ಲಿ ಏನಿದೆಯೆಂಬುದನ್ನು ತಂದೆತಾಯಿಗಳು ಸ್ಥೂಲವಾಗಿಯಾದರೂ ತಿಳಿದಿರುವುದು ಒಳ್ಳೆಯದು. ನಮ್ಮ ರಾಜ್ಯದಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆಯ ಪಠ್ಯವೇ ಇದಕ್ಕೆ ಆಧಾರ. ಅದರ ಒಂದು ಭಾಗ ಸೂಕ್ಷ್ಮ ಅರ್ಥಶಾಸ್ತ್ರ. ಇಲ್ಲಿ ಒಬ್ಬ ಅನುಭೋಗಿ, ಒಂದು ಉದ್ಯಮ, ಒಂದು ಮಾರುಕಟ್ಟೆ ಹೇಗೆ ನಡೆದುಕೊಳ್ಳುತ್ತವೆಂಬ ವಿಚಾರ ಬರುತ್ತದೆ. ಇನ್ನೊಂದು ಭಾಗ ಸಮಗ್ರ ಅರ್ಥಶಾಸ್ತ್ರ. ರಾಷ್ಟ್ರೀಯ ಆದಾಯ, ಹಣ ಮತ್ತು ಬ್ಯಾಂಕಿಂಗ್, ಸರ್ಕಾರದ ಆಯವ್ಯಯ, ವಿದೇಶೀ ವಿನಿಮಯ ಇವು ಅದರ ವಸ್ತು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳೊಡನೆ ಇದನ್ನು ತೆಗೆದುಕೊಂಡ ಎಚ್.ಇ.ಪಿ.ಎಸ್. ವಿದ್ಯಾರ್ಥಿಗೂ, ಸಂಖ್ಯಾಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳೊಡನೆ ತೆಗೆದುಕೊಂಡ ಎಸ್.ಇ.ಬಿ.ಎ. ವಿದ್ಯಾರ್ಥಿಗೂ ಪಠ್ಯ ಒಂದೇ, ಪ್ರಶ್ನಪತ್ರಿಕೆ ಒಂದೇ. ಬರವಣಿಗೆಯ ಪರೀಕ್ಷೆಗೆ 80 ಅಂಕಗಳು, ಆಂತರಿಕ ಮೌಲ್ಯಮಾಪನಕ್ಕೆ 20. ಆದರೆ ಇವರಿಬ್ಬರ ಸಿದ್ಧತೆ ಒಂದೇ ಆಗಿರುವುದಿಲ್ಲ. ಅಂಕಿ-ಅಂಶಗಳೊಡನೆ ಪ್ರತಿದಿನವೂ ವ್ಯವಹರಿಸುವ ಹುಡುಗನಿಗೂ, ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಗಣಿತಕ್ಕೆ ಕೈಮುಗಿದು ಬಂದ ಹುಡುಗಿಗೂ ಒಂದೇ ಬಗೆಯ ಮನೆಪಾಠ ಹೊಂದಲಾರದು. ಮೇಷ್ಟರನ್ನು ಆರಿಸುವಾಗ ಈ ಭೇದವನ್ನು ಗಮನಿಸುವವರು ಬಹಳ ವಿರಳ.

ಮಗುವಿನ ಕಷ್ಟವು ಯಾವ ಎಡೆಯಲ್ಲಿದೆಯೆಂಬುದನ್ನು ಕಂಡುಕೊಳ್ಳುವುದೇ ಈ ಹುಡುಕಾಟದ ಮೊದಲ ಕೆಲಸವೆಂದು ನನ್ನ ದೃಢವಾದ ಅಭಿಪ್ರಾಯ. “ಎಕನಾಮಿಕ್ಸ್ ಅರ್ಥವಾಗುವುದಿಲ್ಲ” ಎಂಬ ಮಾತು ಏನನ್ನೂ ಹೇಳುವುದಿಲ್ಲ. ಹೆಚ್ಚು ಮಕ್ಕಳು ಎಡವುವುದು ರೇಖಾಚಿತ್ರದಲ್ಲಿ. ಇಲ್ಲೊಂದು ನಿಜವಾದ ತೊಡಕಿದೆ. ಅದಕ್ಕಾಗಿ ಮಕ್ಕಳನ್ನು ದೂರುವಂತಿಲ್ಲ. ಗಣಿತದ ತರಗತಿಯಲ್ಲಿ ಯಾವುದು ಕಾರಣವೋ ಅದನ್ನು ಅಡ್ಡ ಅಕ್ಷದ ಮೇಲೂ, ಯಾವುದು ಪರಿಣಾಮವೋ ಅದನ್ನು ಲಂಬ ಅಕ್ಷದ ಮೇಲೂ ಗುರುತಿಸುವುದು ಅಭ್ಯಾಸ. ಅರ್ಥಶಾಸ್ತ್ರದಲ್ಲಿಯೋ, ಬೆಲೆಯು ಬದಲಾದುದರಿಂದ ಬೇಡಿಕೆಯ ಪ್ರಮಾಣ ಬದಲಾಗುತ್ತದೆಂದು ಬಾಯಲ್ಲಿ ಹೇಳುತ್ತಲೇ, ಬೆಲೆಯನ್ನು ಲಂಬ ಅಕ್ಷದ ಮೇಲೆ ಇಡುತ್ತೇವೆ. ಕೇಂಬ್ರಿಜ್ಜಿನ ಆಲ್‌ಫ್ರೆಡ್ ಮಾರ್ಷಲರ ಮಹಾಗ್ರಂಥವು 1890ರಲ್ಲಿ ಪ್ರಕಟವಾದ ಮೇಲೆ ಈ ಪದ್ಧತಿಯು ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಇಂದಿಗೂ ಅದೇ ನಡೆದು ಬಂದಿದೆ. ಗಣಿತದಲ್ಲಿ ಚುರುಕಾಗಿರುವ ಹುಡುಗನೇ ಇಲ್ಲಿ ಹೆಚ್ಚು ಗೊಂದಲಪಡುವುದುಂಟು. ಅವನ ಗೊಂದಲವು ಬುದ್ಧಿವಂತನ ಗೊಂದಲ. ಈ ಮಾತನ್ನು ಮೊದಲನೆಯ ದಿನವೇ ಹೇಳಿ, ಇದು ಶಾಸ್ತ್ರದ ರೂಢಿಯೇ ಹೊರತು ನಿನ್ನ ತಪ್ಪಲ್ಲವೆಂದು ಸಮಾಧಾನಪಡಿಸುವ ಮೇಷ್ಟರೊಬ್ಬರು ದೊರೆತರೆ, ಆ ಹುಡುಗನ ಅರ್ಧ ಭಯ ಅಂದೇ ಕಳೆದೀತು.

ಮತ್ತೆ ಕೆಲವರಿಗೆ ಲೆಕ್ಕ ಬಾರದು. ಮತ್ತೆ ಕೆಲವರಿಗೆ ಲೆಕ್ಕವೂ ಬರುತ್ತದೆ, ಚಿತ್ರವೂ ಬರುತ್ತದೆ, ಆದರೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಈಗ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಾಗಿರುವುದರಿಂದ, ತಿಳಿದದ್ದನ್ನು ಹೇಳಲು ನಾಲಗೆ ಏಳದು. ಈ ಕಡೆಯ ವರ್ಗದ ಮಕ್ಕಳಿಗೆ ಬೇಕಾದವರು ಕನ್ನಡದಲ್ಲಿ ಚರ್ಚಿಸಿ ಇಂಗ್ಲಿಷಿನಲ್ಲಿ ಬರೆಯಿಸಬಲ್ಲವರು. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಉಪನ್ಯಾಸ ಮಾಡುವವರನ್ನು ಹಿಡಿದುತಂದು ಅವರ ಎದುರಿಗೆ ಕೂರಿಸಿದರೆ, ಕಾಲೇಜಿನಲ್ಲಿ ಹಗಲು ಅನುಭವಿಸಿದ ಕಷ್ಟವನ್ನೇ ಸಂಜೆ ಮನೆಯಲ್ಲಿ ಮತ್ತೊಮ್ಮೆ, ಹಣ ಕೊಟ್ಟು, ಅನುಭವಿಸಿದಂತಾಗುತ್ತದೆ.

ಆದುದರಿಂದ ಮೇಷ್ಟರನ್ನು ಹುಡುಕುವುದಕ್ಕೆ ಮೊದಲು ಮಗುವಿನ ಉತ್ತರಪತ್ರಿಕೆಯನ್ನು ತೆಗೆದುಕೊಂಡು ಕಾಲೇಜಿಗೆ ಹೋಗಿ, ಆ ವಿಷಯದ ಉಪನ್ಯಾಸಕರನ್ನು ಕಂಡು ಮಾತನಾಡಬೇಕು. ಎಷ್ಟು ಮಂದಿ ತಂದೆತಾಯಿಗಳು ಇದನ್ನು ಮಾಡುತ್ತಾರೆ? ನೂರು ಮಂದಿಯ ತರಗತಿಯಲ್ಲಿ ಉಪನ್ಯಾಸಕರಿಗೆ ಎಲ್ಲರ ಮುಖವೂ ಪರಿಚಯವಿಲ್ಲದಿರಬಹುದು. ಆದರೆ ಉತ್ತರಪತ್ರಿಕೆಯನ್ನು ಎದುರಿಗಿಟ್ಟರೆ, ಈ ಹುಡುಗಿಯ ಕಷ್ಟ ಚಿತ್ರದಲ್ಲಿದೆಯೋ, ಭಾಷೆಯಲ್ಲಿದೆಯೋ, ಓದದೇ ಇದ್ದುದರಲ್ಲಿದೆಯೋ ಎಂಬುದನ್ನು ಅವರು ಐದು ನಿಮಿಷದಲ್ಲಿ ಹೇಳಬಲ್ಲರು. ಹಿಂದುಳಿದ ಮಕ್ಕಳಿಗಾಗಿ ಪರಿಹಾರ ಬೋಧನೆಯ ತರಗತಿಗಳನ್ನು ನಡೆಸುವ ಕಾಲೇಜುಗಳುಂಟು. ಇದ್ದರೆ ಅದನ್ನು ಬಿಟ್ಟು ಹೊರಗೆ ಹಣ ತೆರಬೇಕಾದ ಆವಶ್ಯಕತೆಯೇ ಬಾರದು. ಪರೀಕ್ಷಾ ಮಂಡಲಿಯು ಪ್ರಕಟಿಸುವ ಮಾದರಿ ಪ್ರಶ್ನಪತ್ರಿಕೆಗಳೂ, ಎನ್.ಸಿ.ಇ.ಆರ್.ಟಿ. ಪುಸ್ತಕಗಳೂ ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಓದದೇ ಇರುವುದಕ್ಕೆ ಮದ್ದು ಓದುವುದೇ ಹೊರತು ಟ್ಯೂಷನ್ನಲ್ಲ.

ಇಲ್ಲಿ ಒಂದು ಸೂಕ್ಷ್ಮವಾದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹಗಲು ತಮ್ಮ ತರಗತಿಯಲ್ಲಿ ಕುಳಿತ ಮಗುವಿಗೆ ಸಂಜೆ ಹಣ ಪಡೆದು ಅದೇ ಪಾಠವನ್ನು ಹೇಳುವ ಏರ್ಪಾಡಿಗೆ ತಂದೆತಾಯಿಗಳು ಎಂದಿಗೂ ಒಪ್ಪಬಾರದು, ಉಪನ್ಯಾಸಕರೂ ಒಪ್ಪಬಾರದು. 2009ರ ಶಿಕ್ಷಣದ ಹಕ್ಕು ಕಾಯ್ದೆಯ 28ನೆಯ ಪ್ರಕರಣವು ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಕೂಡದೆಂದು ವಿಧಿಸುತ್ತದೆ. ಆ ಕಾಯ್ದೆಯು 6ರಿಂದ 14 ವರ್ಷ ವಯಸ್ಸಿನ ಮಕ್ಕಳ ಶಿಕ್ಷಣವನ್ನು ಕುರಿತದ್ದಾದರೂ, ಅದರ ಹಿಂದಿರುವ ನ್ಯಾಯವು ಹದಿನೇಳು ವರ್ಷದ ಮಗುವಿಗೂ ಸಲ್ಲುತ್ತದೆ. ತರಗತಿಯಲ್ಲಿ ದೊರೆಯಬೇಕಾದದ್ದು ತರಗತಿಯಲ್ಲಿಯೇ ದೊರೆಯಬೇಕು. ಕೊಡಲಾರದವನ ಮಗು ಅದರಿಂದ ವಂಚಿತವಾಗಬಾರದು.

ಇಷ್ಟೆಲ್ಲ ವಿಚಾರಿಸಿದ ಮೇಲೂ ಹೊರಗಿನ ನೆರವು ಬೇಕೆಂದು ತೋರಿದರೆ, ಯಾರಲ್ಲಿಗೆ ಹೋಗಬೇಕು? ನನ್ನ ದೃಷ್ಟಿಯಲ್ಲಿ ಅಗ್ರಸ್ಥಾನವು ನಿವೃತ್ತ ಉಪನ್ಯಾಸಕರಿಗೆ ಸಲ್ಲತಕ್ಕದ್ದು. ಮೂವತ್ತು ವರ್ಷ ಒಂದೇ ವಿಷಯವನ್ನು ಕಲಿಸಿದವರಿಗೆ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆಂಬುದು ಕಂಠಪಾಠವಾಗಿರುತ್ತದೆ, ಅವರಿಗೆ ಅವಸರವಿರುವುದಿಲ್ಲ, ಹಣದ ಆಸೆಯೂ ಬಹುಮಂದಿಗೆ ಇರುವುದಿಲ್ಲ. ಪಠ್ಯವು ಬದಲಾದುದನ್ನು ಮಾತ್ರ ಅವರು ಒಮ್ಮೆ ನೋಡಿಕೊಳ್ಳಬೇಕು. ಅವರ ನಂತರ, ವಿಶ್ವವಿದ್ಯಾನಿಲಯವಿರುವ ಊರುಗಳಲ್ಲಿ, ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಗಳೂ ಸಂಶೋಧಕರೂ ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಓದುತ್ತಿರುವ ತರುಣ ತರುಣಿಯರಲ್ಲಿ ಬಡ ಕುಟುಂಬಗಳಿಂದ ಬಂದು ತಿಂಗಳ ಖರ್ಚಿಗೆ ತಾವೇ ದಾರಿ ಹುಡುಕಿಕೊಳ್ಳಬೇಕಾದವರು ಇರುತ್ತಾರೆ. ವಿಭಾಗದ ಮುಖ್ಯಸ್ಥರಿಗೆ ಒಂದು ಮಾತು ತಿಳಿಸಿದರೆ ತಕ್ಕವರನ್ನು ಸೂಚಿಸಬಲ್ಲರು. ನಾಲ್ಕೈದು ವರ್ಷಗಳ ಹಿಂದೆ ತಾವೇ ಈ ಪಾಠದಲ್ಲಿ ತಡವರಿಸಿದ್ದರ ನೆನಪು ಅವರಲ್ಲಿ ಹಸಿಯಾಗಿರುವುದರಿಂದ, ಮಗುವಿನ ಕಷ್ಟ ಅವರಿಗೆ ಬೇಗ ಅರ್ಥವಾಗುತ್ತದೆ. ಊರಿನಲ್ಲಿ ಯಾರೂ ಇಲ್ಲದ ಪಕ್ಷದಲ್ಲಿ ಮೊಬೈಲಿನ ಪರದೆಯ ಮೂಲಕ ದೂರದವರಿಂದ ಕಲಿಯುವ ಸೌಕರ್ಯವೂ ಈಗ ಉಂಟು. ಅದನ್ನು ಹಳಿಯುವವನು ನಾನಲ್ಲ. ಆದರೆ ಮೇಷ್ಟರಿಗೆ ಮಗುವಿನ ಕೈಬರಹದ ರೇಖಾಚಿತ್ರವು ಪ್ರತಿ ಪಾಠದಲ್ಲಿಯೂ ಕಾಣುವಂತಿರಬೇಕು. ಮುದ್ರಿತ ಚಿತ್ರವನ್ನು ನೋಡಿ ತಲೆಯಾಡಿಸುವುದರಿಂದ ಅರ್ಥಶಾಸ್ತ್ರ ಬಾರದು.

ಆರಿಸಿದವರು ತಕ್ಕವರೇ ಎಂಬುದನ್ನು ತಿಳಿಯುವ ಬಗೆ ಹೇಗೆ? ಅವರ ಪದವಿಯನ್ನು ನೋಡಬೇಕು, ನಿಜ. ಆದರೆ ಪದವಿಯೊಂದೇ ಸಾಲದು. ಒಂದು ಪಾಠವನ್ನು ಪರೀಕ್ಷಾರ್ಥವಾಗಿ ಹೇಳುವಂತೆ ವಿನಯದಿಂದ ಕೇಳಿಕೊಂಡು, ತಂದೆಯೋ ತಾಯಿಯೋ ಅದೇ ಕೋಣೆಯಲ್ಲಿ ಸುಮ್ಮನೆ ಕುಳಿತಿರಬೇಕು. ಅರ್ಥಶಾಸ್ತ್ರವನ್ನು ತಿಳಿಯದ ತಾಯಿಯೂ ಒಂದು ಸಂಗತಿಯನ್ನು ತಪ್ಪದೆ ಗಮನಿಸಬಲ್ಲಳು: ಆ ಒಂದು ಗಂಟೆಯಲ್ಲಿ ಹೆಚ್ಚು ಮಾತನಾಡಿದವರು ಮೇಷ್ಟರೋ, ಮಗುವೋ? ಪೆನ್ಸಿಲು ಯಾರ ಕೈಯಲ್ಲಿತ್ತು?

ನಿವೃತ್ತ ಉಪನ್ಯಾಸಕರೊಬ್ಬರು ಒಬ್ಬ ಹುಡುಗಿಗೆ ಹೇಳಿದ ಇಂಥದೊಂದು ಪಾಠವನ್ನು ನಾನು ಪಕ್ಕದಲ್ಲಿ ಕುಳಿತು ಕೇಳಿದ್ದೇನೆ. 2023ರ ಜುಲೈ ತಿಂಗಳಿನಲ್ಲಿ ರೋಗಬಾಧೆಯಿಂದಲೂ ಹವಾಮಾನದ ವೈಪರೀತ್ಯದಿಂದಲೂ ಟೊಮೆಟೊ ಫಸಲು ಕುಗ್ಗಿ, ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ 15 ಕಿಲೋ ತೂಕದ ಒಂದು ಬಾಕ್ಸು 2000 ರೂಪಾಯಿಗೂ ಮೀರಿ ಹರಾಜಾದುದನ್ನು ನೀವೆಲ್ಲರೂ ಬಲ್ಲಿರಿ. ಆ ಸಂಗತಿಯನ್ನೇ ಎತ್ತಿಕೊಂಡು, ಅದನ್ನು ಚಿತ್ರದಲ್ಲಿ ತೋರಿಸೆಂದು ಅವರು ಹೇಳಿದರು. ಹುಡುಗಿಯು ಎರಡು ಅಕ್ಷಗಳನ್ನು ಎಳೆದು, ಬೇಡಿಕೆಯ ರೇಖೆಯನ್ನು ಬರೆದು, ಅದರ ಎಡಕ್ಕೆ ಇನ್ನೊಂದು ರೇಖೆಯನ್ನು ಎಳೆದಳು.

“ಬೆಲೆ ಜಾಸ್ತಿಯಾಯ್ತು ಸಾರ್, ಅದಕ್ಕೆ ಬೇಡಿಕೆ ಕಡಿಮೆಯಾಗಿ ರೇಖೆ ಎಡಕ್ಕೆ ಹೋಯ್ತು.”

ಅದು ತಪ್ಪು ಉತ್ತರ. ನೂರಾರು ಮಕ್ಕಳು ಬರೆಯುವ ತಪ್ಪು ಉತ್ತರ. ಮೇಷ್ಟರು ತಪ್ಪೆಂದು ಹೇಳಲಿಲ್ಲ.

“ಆಗಲಮ್ಮ. ಬೆಲೆ ಯಾಕೆ ಜಾಸ್ತಿಯಾಯ್ತು?”

“ಬೆಳೆ ಹಾಳಾಯ್ತಲ್ಲ, ಅದಕ್ಕೆ.”

“ಬೆಳೆ ಹಾಳಾದರೆ ಮೊದಲು ಕದಲುವುದು ಯಾವ ರೇಖೆ? ಕೊಳ್ಳುವವರದೋ, ಮಾರುವವರದೋ?”

ಹುಡುಗಿ ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದಳು. ಮೇಷ್ಟರೂ ಸುಮ್ಮನಿದ್ದರು. ಆಮೇಲೆ ಅವಳೇ ರಬ್ಬರು ತೆಗೆದುಕೊಂಡು ತಾನು ಎಳೆದ ಎರಡನೆಯ ರೇಖೆಯನ್ನು ಅಳಿಸಿ, ಪೂರೈಕೆಯ ರೇಖೆಯನ್ನು ಬರೆದು, ಅದನ್ನು ಎಡಕ್ಕೆ ಸರಿಸಿ, ಹಳೆಯ ಬೇಡಿಕೆಯ ರೇಖೆಯ ಮೇಲೆಯೇ ಬೆರಳನ್ನು ಮೇಲಕ್ಕೆ ಜಾರಿಸಿ ಹೊಸ ಸಮತೋಲನದ ಬಿಂದುವನ್ನು ಮುಟ್ಟಿದಳು. ಬೇಡಿಕೆಯ ರೇಖೆ ಕದಲಲಿಲ್ಲ. ಕೊಳ್ಳುವವರು ಅದೇ ರೇಖೆಯ ಮೇಲೆ ಸರಿದರು. ಪಠ್ಯದಲ್ಲಿ ಒಂದು ಪುಟ ವ್ಯಾಖ್ಯೆಯಾಗಿ ಇರುವ ಈ ಭೇದವನ್ನು ಇನ್ನು ಅವಳು ಜನ್ಮದಲ್ಲಿ ಮರೆಯಲಾರಳು. ಅಷ್ಟಕ್ಕೇ ನಿಲ್ಲದೆ ಮೇಷ್ಟರು ಕೇಳಿದರು: “ಆಗ ನಿಮ್ಮ ಮನೆಯಲ್ಲಿ ಸಾರಿಗೆ ಏನು ಹಾಕುತ್ತಿದ್ದರು?” “ಹುಣಿಸೆಹಣ್ಣು ಸಾರ್.” “ಹಾಗಾದರೆ ಹುಣಿಸೆಹಣ್ಣಿನ ಬೇಡಿಕೆಯ ರೇಖೆಗೆ ಏನಾಯಿತು, ಬರೆದು ತೋರಿಸು.” ಹುಡುಗಿ ತಡಮಾಡದೆ ಆ ರೇಖೆಯನ್ನು ಬಲಕ್ಕೆ ಸರಿಸಿದಳು. ಬದಲಿ ಸರಕು ಎಂಬ ಪರಿಕಲ್ಪನೆಯನ್ನು ಅವರು ಹೆಸರಿಸಿದ್ದು ಆಮೇಲೆ. ಬಳಿಕ ಲೆಕ್ಕ: ಕಿಲೋಗೆ 20 ರೂಪಾಯಿ ಇದ್ದದ್ದು 40 ಆದಾಗ ಒಂದು ಮನೆಯವರು ತಿಂಗಳಿಗೆ 10 ಕಿಲೋ ಕೊಳ್ಳುತ್ತಿದ್ದವರು 8 ಕಿಲೋಗೆ ಇಳಿದರೆ, ಬೆಲೆಯ ಬದಲಾವಣೆ ಶೇಕಡ 100, ಪ್ರಮಾಣದ ಬದಲಾವಣೆ ಶೇಕಡ 20, ಸ್ಥಿತಿಸ್ಥಾಪಕತ್ವ 0.2. ಬೆಲೆ ಇಮ್ಮಡಿಯಾದರೂ ಕೊಳ್ಳುವುದನ್ನು ಜನ ಅಷ್ಟೊಂದು ಬಿಡಲಾರರು. ಅದಕ್ಕಾಗಿಯೇ ಫಸಲು ಸ್ವಲ್ಪ ಕುಗ್ಗಿದರೂ ಬೆಲೆ ಆಕಾಶಕ್ಕೇರುತ್ತದೆ, ಸ್ವಲ್ಪ ಹೆಚ್ಚಿದರೂ ರೈತನು ಹಣ್ಣನ್ನು ರಸ್ತೆಗೆ ಸುರಿಯುವ ಗತಿ ಬರುತ್ತದೆ. ಒಂದು ಗಂಟೆಯಲ್ಲಿ ಮೂರು ಪ್ರಕರಣಗಳು ಮುಗಿದಿದ್ದವು; ಮೇಷ್ಟರು ಬರೆಯಿಸಿದ ವಾಕ್ಯ ಒಂದೂ ಇರಲಿಲ್ಲ.

ಸಮಗ್ರ ಅರ್ಥಶಾಸ್ತ್ರದಲ್ಲಿಯೂ ಇಂಥ ಪರೀಕ್ಷೆಗೆ ಒಂದು ಜಾಗವಿದೆ, ಅದು ಗುಣಕ. ಸೀಮಾಂತ ಅನುಭೋಗ ಪ್ರವೃತ್ತಿ 0.8 ಆದರೆ ಗುಣಕ 5 ಎಂಬ ಸೂತ್ರವನ್ನು ಎಲ್ಲ ಮಕ್ಕಳೂ ಹೇಳಬಲ್ಲರು. ಸರ್ಕಾರವು 100 ಕೋಟಿ ರೂಪಾಯಿಯನ್ನು ಹೊಸದಾಗಿ ವೆಚ್ಚ ಮಾಡಿದರೆ ಆದಾಯವು 500 ಕೋಟಿಯಷ್ಟು ಹೆಚ್ಚುವುದು ಹೇಗೆಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಆ 100 ಕೋಟಿಯನ್ನು ಪಡೆದವರು 80 ಕೋಟಿಯನ್ನು ಖರ್ಚು ಮಾಡಿದರು, ಅದನ್ನು ಪಡೆದ ಅಂಗಡಿಯವರೂ ಕೂಲಿಗಳೂ 64 ಕೋಟಿಯನ್ನು ಖರ್ಚು ಮಾಡಿದರು, ಅಲ್ಲಿಂದ 51.2 ಕೋಟಿ, ಹೀಗೆ ಪ್ರತಿ ಸುತ್ತಿನಲ್ಲಿಯೂ ಕ್ಷೀಣಿಸುತ್ತ ಹೋಗುವ ಮೊತ್ತಗಳನ್ನೆಲ್ಲ ಕೂಡಿದರೆ 500 ಕೋಟಿ. ಈ ಸಾಲನ್ನು ಮಗುವಿನ ಕೈಯಿಂದಲೇ ನಾಲ್ಕು ಹೆಜ್ಜೆ ಬರೆಯಿಸುವ ಮೇಷ್ಟರು, ಜೆ.ಎಂ. ಕೇನ್ಸರು 1936ರಲ್ಲಿ ಪ್ರಕಟಿಸಿದ ಮಹಾಗ್ರಂಥದ ಒಂದು ಮುಖ್ಯ ವಿಚಾರವನ್ನು ಆ ಮಗುವಿನ ಸ್ವತ್ತನ್ನಾಗಿ ಮಾಡುತ್ತಾರೆ. ಸೂತ್ರವನ್ನು ಮಾತ್ರ ಕೊಡುವವರು ಪರೀಕ್ಷೆಯ ಎರಡು ಅಂಕಗಳನ್ನು ಕೊಡುತ್ತಾರೆ, ಅಷ್ಟೆ.

ಯಾರಲ್ಲಿಗೆ ಹೋಗಬಾರದೆಂಬುದನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮೊದಲನೆಯ ಭೇಟಿಯಲ್ಲಿಯೇ “ಇಂತಿಷ್ಟು ಅಂಕ ಗ್ಯಾರಂಟಿ” ಎನ್ನುವವರು, ಬರುವ ಪ್ರಶ್ನೆಗಳು ತಮಗೆ ಗೊತ್ತೆನ್ನುವವರು, ವರ್ಷದ ಶುಲ್ಕವನ್ನೆಲ್ಲ ಮುಂಗಡವಾಗಿ ಕೇಳುವವರು, ಇವರಿಂದ ದೂರವಿರುವುದು ಕ್ಷೇಮ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪದವಿಗಿಂತ ಕಡಮೆ ವಿದ್ಯಾರ್ಹತೆಯುಳ್ಳವರನ್ನು ಬೋಧಕರನ್ನಾಗಿ ನೇಮಿಸಬಾರದೆಂದೂ, ಅಂಕಗಳ ವಿಷಯದಲ್ಲಿ ಸುಳ್ಳು ಭರವಸೆಗಳನ್ನು ಕೊಡಬಾರದೆಂದೂ, ವಿದ್ಯಾರ್ಥಿಯು ನಡುವೆ ಬಿಟ್ಟುಹೋದರೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗಾಗಿ ಹಿಂದಿರುಗಿಸಬೇಕೆಂದೂ ಹೇಳಿದೆ. ಅದು ದೊಡ್ಡ ಕೇಂದ್ರಗಳನ್ನು ಉದ್ದೇಶಿಸಿದ್ದು. ಆದರೆ ಮನೆಗೆ ಬರುವ ಮೇಷ್ಟರೊಡನೆ ಮಾಡಿಕೊಳ್ಳುವ ಒಪ್ಪಂದಕ್ಕೂ ಅದೇ ನೀತಿಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ತಿಂಗಳು ತಿಂಗಳಿಗೆ ಶುಲ್ಕ ಸಲ್ಲಿಸುವುದೇ ಇಬ್ಬರಿಗೂ ಗೌರವ. ಒಬ್ಬರಿಗೆ ಭಾರವಾದರೆ ಅದೇ ಕಾಲೇಜಿನ ಮೂವರು ನಾಲ್ವರು ಮಕ್ಕಳು ಸೇರಿ ಒಬ್ಬ ಮೇಷ್ಟರಲ್ಲಿಗೆ ಹೋಗುವುದು ಉತ್ತಮ. ಈ ವಿಷಯದಲ್ಲಿ ಒಬ್ಬರಿಗಿಂತ ಮೂವರಿಗೆ ಪಾಠ ಚೆನ್ನಾಗಿ ಹತ್ತುವುದೂ ಉಂಟು, ಏಕೆಂದರೆ ಒಬ್ಬಳು ಎಳೆದ ರೇಖೆಯನ್ನು ಇನ್ನೊಬ್ಬಳು ತಿದ್ದುವಾಗ ಇಬ್ಬರಿಗೂ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹದಿಹರೆಯದ ಮಕ್ಕಳಿಗೆ ಅಪರಿಚಿತರಿಂದ ಪಾಠ ಹೇಳಿಸುವಾಗ ಮನೆಯ ಹಿರಿಯರೊಬ್ಬರು ಕಣ್ಣಳತೆಯಲ್ಲಿರಬೇಕು, ಪಾಠವು ಹಜಾರದಲ್ಲಿ ನಡೆಯಬೇಕು. ಸಜ್ಜನರಾದ ಮೇಷ್ಟರೇ ಇದನ್ನು ಮೊದಲು ಬಯಸುತ್ತಾರೆ.

ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ ಅಥವಾ ಒಂದೂವರೆ ಗಂಟೆ ಸಾಕು. ಪ್ರತಿದಿನವೂ ಮನೆಪಾಠಕ್ಕೆ ಹೋಗುವ ಮಗುವಿಗೆ ತಾನೇ ಕುಳಿತು ಓದುವ ಹೊತ್ತು ಉಳಿಯುವುದಿಲ್ಲ. ಎರಡು ತಿಂಗಳ ಕೊನೆಯಲ್ಲಿ ಪಠ್ಯದ ಹಿಂದಿನ ಅಭ್ಯಾಸದ ಪ್ರಶ್ನೆಯೊಂದನ್ನು ಕೊಟ್ಟು, ಪುಸ್ತಕ ಮುಚ್ಚಿ ಬರೆಯಲು ಹೇಳಿ ನೋಡಬೇಕು. ಮಗು ತಾನಾಗಿ ಚಿತ್ರವನ್ನು ಎಳೆದು ಕಾರಣವನ್ನು ವಿವರಿಸುವಂತಾಗಿದ್ದರೆ ಮೇಷ್ಟರು ತಮ್ಮ ಕೆಲಸವನ್ನು ಮಾಡಿದ್ದಾರೆ. ಆಗ ಪಾಠವನ್ನು ನಿಲ್ಲಿಸಬಹುದು ಕೂಡ. ನಿಲ್ಲಿಸುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಕಲಿಸುವವರೇ ನಿಜವಾದ ಗುರುಗಳು.

ಇಷ್ಟು ಕಾಳಜಿಯನ್ನು ಈ ಒಂದು ವಿಷಯದ ಮೇಲೆ ಏಕೆ ಸುರಿಯಬೇಕೆಂದು ಕೆಲವರು ಕೇಳಿಯಾರು. ವೈದ್ಯನಾಗುವ ಹುಡುಗನಿಗೆ ಜೀವಶಾಸ್ತ್ರ ಎಷ್ಟು ಅಗತ್ಯವೋ, ಈ ನಾಡಿನಲ್ಲಿ ಬಾಳುವ ಪ್ರತಿಯೊಬ್ಬ ಪ್ರಜೆಗೂ ಅರ್ಥಶಾಸ್ತ್ರದ ತಿಳಿವು ಅಷ್ಟೇ ಅಗತ್ಯವೆಂದು ನಾನು ನಂಬಿದ್ದೇನೆ. ಭಾರತೀಯರ ತಲಾ ಆದಾಯವು ವರ್ಷಕ್ಕೆ 20 ರೂಪಾಯಿ ಮಾತ್ರವೆಂದು 1867-68ರ ಅಂಕಿಗಳಿಂದ ಲೆಕ್ಕಹಾಕಿ ತೋರಿಸಿದ ದಾದಾಭಾಯಿ ನವರೋಜಿಯವರು, ಪರರ ಆಳ್ವಿಕೆಯ ಅನ್ಯಾಯವನ್ನು ಅಂಕಿಗಳ ಭಾಷೆಯಲ್ಲಿ ಜಗತ್ತಿಗೆ ಸಾರಿದರು. ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಅಂದಾಜು ಮಾಡಿದ ವಿ.ಕೆ.ಆರ್.ವಿ. ರಾಯರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯು ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಎಣಿಸಿತು. ಆ 39ರಲ್ಲಿ ದೇವದುರ್ಗವೂ ಒಂದು. ದೇವದುರ್ಗದ ಕಾಲೇಜಿನಲ್ಲಿ ಕಲಾ ವಿಭಾಗದ ಕೊನೆಯ ಬೆಂಚಿನಲ್ಲಿ ಕುಳಿತ ಹುಡುಗಿಯು, ತನ್ನ ತಾಲ್ಲೂಕು ಹಿಂದುಳಿದದ್ದೆಂದು ಯಾರೋ ಹೇಳಿದ್ದನ್ನು ಕೇಳಿ ಸುಮ್ಮನಾಗದೆ, ಯಾವ ಸೂಚಿಗಳಿಂದ ಹಾಗೆಂದು ಅಳೆದರು, ಆ ಅಳತೆ ಸರಿಯೆ, ಇಷ್ಟು ವರ್ಷಗಳಲ್ಲಿ ಅದು ಎಷ್ಟು ಬದಲಾಗಿದೆ ಎಂದು ಕೇಳುವಂತಾಗಬೇಕು. ಅರ್ಥಶಾಸ್ತ್ರವನ್ನು ಕಲಿಸುವುದೆಂದರೆ ಇದು.

ಪಿ.ಯು.ಸಿ.ಯ ಆಚೆಗೂ ದಾರಿಯನ್ನು ನೋಡಿಕೊಳ್ಳಬೇಕು. ಈ ಶಾಸ್ತ್ರವನ್ನೇ ಪದವಿಯಲ್ಲಿ ಮುಂದುವರಿಸುವ ಆಸೆಯುಳ್ಳ ಮಕ್ಕಳಿಗೆ ಗಣಿತವು ಅನಿವಾರ್ಯವಾಗುತ್ತ ಬಂದಿದೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಆನರ್ಸ್ ತರಗತಿಗೆ ಗಣಿತವನ್ನು ಓದದವರಿಗೆ ಪ್ರವೇಶವಿಲ್ಲ. ಕಲಾ ವಿಭಾಗವನ್ನು ಆರಿಸಿಕೊಂಡ ಮಗುವಿಗೆ ಈ ಸಂಗತಿಯನ್ನು ಎರಡನೆಯ ವರ್ಷದ ಕೊನೆಯಲ್ಲಿ ತಿಳಿಸಿದರೆ ಪ್ರಯೋಜನವಿಲ್ಲ. ಒಳ್ಳೆಯ ಮೇಷ್ಟರು ಮೊದಲೇ ತಿಳಿಸುತ್ತಾರೆ. ವಾರಕ್ಕೊಂದು ಗಂಟೆ ಗಣಿತವನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ.

ಕೊನೆಯದಾಗಿ ನನ್ನ ಮಾತು ತಂದೆತಾಯಿಗಳಿಗಲ್ಲ. ಈ ಸಂಜೆ ಬಾನುಲಿಯನ್ನು ಕೇಳುತ್ತ ಕುಳಿತಿರುವ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕರೇ, ನಿಮ್ಮ ಊರಿನ ಪದವಿಪೂರ್ವ ಕಾಲೇಜಿಗೆ ಈ ವಾರವೇ ಹೋಗಿ, ಪ್ರಾಂಶುಪಾಲರನ್ನು ಕಂಡು, ನಿಮ್ಮ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ವಾರದಲ್ಲಿ ನಿಮಗೆ ಬಿಡುವಾಗುವ ಎರಡು ಸಂಜೆಗಳನ್ನೂ ಬರೆದುಕೊಟ್ಟು ಬನ್ನಿರಿ. ಪ್ರಾಂಶುಪಾಲರು ಆ ಚೀಟಿಯನ್ನು ಸೂಚನಾ ಫಲಕದ ಮೇಲೆ ಹಚ್ಚಲಿ. ಶುಲ್ಕ ಕೊಡಬಲ್ಲವರಿಂದ ತೆಗೆದುಕೊಳ್ಳಿರಿ. ಕೊಡಲಾರದವರನ್ನೂ ಅದೇ ಚಾಪೆಯ ಮೇಲೆ ಕೂರಿಸಿಕೊಳ್ಳಿರಿ. ನಿಮ್ಮನ್ನು ಹುಡುಕುತ್ತಿರುವ ಮಕ್ಕಳು ನಿಮ್ಮ ಊರಿನಲ್ಲಿಯೇ ಇದ್ದಾರೆ.